ಐವತ್ತಕ್ಕೆ ನಿಂತ ಕೈ

ದೋನ್ಯಾ ಕೂಕಾ ನನ್ನ ಯಜಮಾನಿ. ಅವರಿಂದ ನನ್ನಷ್ಟು ಬೈಸಿಕೊಂಡವರೂ ಇಲ್ಲ, ಅವರಿಗೆ ನನ್ನಷ್ಟು ಎದುರುತ್ತರ ಕೊಟ್ಟವರೂ ಪೋಸೋ ಸೆಕೊ ಊರಿನಲ್ಲಿ ಇನ್ನೊಬ್ಬರಿಲ್ಲ. ಹೆದ್ದಾರಿ ಬದಿಯಲ್ಲಿ ಅವರ ಹೋಟೆಲು. ಒಂಬತ್ತು ಮೇಜು, ಹಿಂದೆ ಮರಳುಗಾಡು. ಹನ್ನೊಂದು ವರ್ಷ ನಾನು ಅಲ್ಲಿ ಬಡಿಸಿದೆ. ಬಂದವರಿಗೆಲ್ಲ "ಮೆಣಸಿನ ಗೊಜ್ಜು ಕೆಂಪೋ, ಹಸಿರೋ?" ಎಂದು ಕೇಳಿ ಕೇಳಿ ನನಗೆ ನಿದ್ದೆಯಲ್ಲೂ ಅದೇ ಮಾತು ಬರುತ್ತಿತ್ತಂತೆ. ನನ್ನ ಗಂಡ ಎಫ್ರೆನ್ ಹೇಳಿ ನಗುತ್ತಿದ್ದ.

ದೋನ್ಯಾ ಕೂಕಾ ಅಡುಗೆಮನೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಬೆಳಗ್ಗೆ ಆರಕ್ಕೆ ಮೈದಾಹಿಟ್ಟಿಗೆ ಹಂದಿಕೊಬ್ಬು, ಬಿಸಿನೀರು ಹಾಕಿ ನಾದುವರು. ಆ ದಿನದ ಟೋರ್ಟಿಯಾ ರೊಟ್ಟಿಗಳಿಗೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಸಲ ಕಟ್ಟಿ, ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚುವರು. ಒಬ್ಬರಿಗೆ ಎರಡು, ಮೂರನೆಯದು ಕೇಳಿದರೆ ಗದರಿಸುವರು. ಎಣಿಸುತ್ತಿರಲಿಲ್ಲ. ಕೈ ನಿಂತಾಗ ನಿಂತಿತು, ಅಷ್ಟೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುವಾಗ ತಟ್ಟೆ ಖಾಲಿ. ಒಂದೂ ಮಿಕ್ಕಿದ್ದಿಲ್ಲ, ಒಂದೂ ಸಾಲದೆ ಬಂದದ್ದಿಲ್ಲ.

ಒಂದು ಬೆಳಗ್ಗೆ ಎರಡನೆಯ ತಟ್ಟೆಯೂ ತುಂಬಿತು. "ಇಷ್ಟೊಂದು ಯಾರಿಗ್ರೀ? ಗುಡ್ಡದ ನರಿಗಳಿಗೂ ಊಟ ಹಾಕ್ತೀರಾ?" ಎಂದೆ. "ಬಾಯಿ ಮುಚ್ಕೊಂಡು ಮೇಜು ಒರೆಸು" ಎಂದರು. ಹನ್ನೊಂದಕ್ಕೆ ಹೆದ್ದಾರಿಯಲ್ಲಿ ಬಸ್ಸೊಂದು ಕೆಟ್ಟು ನಿಂತು ಮೂವತ್ತೆಂಟು ಜನ ಒಳಗೆ ನುಗ್ಗಿದರು.

ಅದಕ್ಕೆ ನಕ್ಕಿದ್ದೆ. ಸೆಲ್ಸೊ ವಿಷಯಕ್ಕೆ ನಗು ಬರಲಿಲ್ಲ. ರೈಲ್ವೆಯಲ್ಲಿದ್ದ ಮುದುಕ, ದಿನಾ ಹನ್ನೆರಡಕ್ಕೆ ಕಿಟಕಿ ಪಕ್ಕ ಕೂರುವವನು. ಒಂದು ಮಂಗಳವಾರ ಅವನು ಬರಲಿಲ್ಲ. ಆದರೂ ಕೊನೆಯಲ್ಲಿ ತಟ್ಟೆ ಖಾಲಿ. ಅಂದರೆ ಅವನ ಪಾಲಿನ ಎರಡನ್ನು ಬೆಳಗ್ಗೆ ಕಟ್ಟಿಯೇ ಇರಲಿಲ್ಲ. ಅವನ ಮನೆ ಬಾಗಿಲು ಒಡೆದು ನೋಡಿದರೆ ಹಾಸಿಗೆಯಲ್ಲೇ ತಣ್ಣಗಾಗಿದ್ದ. ನೇರ ಅಡುಗೆಮನೆಗೆ ಹೋಗಿ ಕೇಳಿದೆ.

"ನಿಮಗೆ ಮೊದಲೇ ಗೊತ್ತಿತ್ತಾ?"

"ನನಗೇನೂ ಗೊತ್ತಾಗಲ್ಲ ಮಾರಾಯ್ತಿ. ಕೈಗೆ ಗೊತ್ತಾಗುತ್ತೆ."

ಅಂದಿನಿಂದ ದಿನಾ ಬೆಳಗ್ಗೆ ಬಟ್ಟೆ ಸರಿಸಿ ಎಣಿಸುವುದು ನನ್ನ ಚಾಳಿಯಾಯಿತು.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಶಾಲೆಯ ಬಸ್ಸು ಓಡಿಸುತ್ತಿದ್ದ ಬೆಲೆನ್ ನಿವೃತ್ತಳಾದಳೆಂದು ಹೋಟೆಲನ್ನೇ ಊಟಕ್ಕೆ ಗೊತ್ತುಮಾಡಿದ್ದರು, ಹೊರಗಿನವರಿಗೆ ಪ್ರವೇಶವಿಲ್ಲ. ಬೆಲೆನ್ ಸೇರಿ ಇಪ್ಪತ್ಮೂರು ಜನ. ಅದಲ್ಲದೆ ಎಫ್ರೆನ್, ನಾನು, ದೋನ್ಯಾ ಕೂಕಾ. ಇಪ್ಪತ್ತಾರು ಜನಕ್ಕೆ ಐವತ್ತೆರಡು. ತಟ್ಟೆಯಲ್ಲಿ ಐವತ್ತಿತ್ತು. ಮೂರು ಸಲ ಎಣಿಸಿದೆ. ಐವತ್ತೇ.

ಎಫ್ರೆನ್ ಗ್ಯಾಸ್ ಟ್ಯಾಂಕರ್ ತಗೊಂಡು ನಸುಕಿನಲ್ಲೇ ದೂರದ ದನದ ಹಟ್ಟಿಗಳಿಗೆ ಹೋಗಿದ್ದ. ಬತ್ತಿದ ಕೆರೆಯ ಬಯಲು ದಾಟಿ ವಾಪಸು ಬರಬೇಕು. ಹೊರಗೆ ಗಾಳಿ ಎದ್ದು ಆಕಾಶವೆಲ್ಲ ಹಳದಿಯಾಗಿತ್ತು. ಅಂಥ ದಿನ ಆ ಬಯಲಲ್ಲಿ ಎದುರಿನ ಲಾರಿಯೂ ಕಾಣುವುದಿಲ್ಲ. ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ಅಡುಗೆಮನೆಗೆ ಓಡಿದೆ.

"ಯಾರನ್ನ ಬಿಟ್ರಿ? ಹೇಳಿ!"

ದೋನ್ಯಾ ಕೂಕಾ ತಿರುಗಿ ನೋಡಿದರು. ಇಗರ್ಜಿಗೆ ಮಾತ್ರ ಹಾಕುತ್ತಿದ್ದ ಬೆಳ್ಳಿ ಓಲೆ ಅವತ್ತು ಕಿವಿಯಲ್ಲಿತ್ತು. ಬೆಲೆನಳ ಊಟಕ್ಕೆ ಸಿಂಗಾರವೆಂದುಕೊಂಡೆ.

"ಕೈ ಸೋತಿತು ಕಣೇ ನೆಲ್ದಾ."

"ನಿಮ್ಮ ಕೈ ಸೇದಿಹೋಗ! ಮಾಟಗಾತಿ! ಎಫ್ರೆನ್ ನಿಮಗೇನು ಮಾಡಿದ್ದ?"

ಹೌದು, ಹಾಗೇ ಅಂದೆ. ಅವರು ಬೇಜಾರೂ ಪಟ್ಟುಕೊಳ್ಳಲಿಲ್ಲ. "ಹಿಟ್ಟು ಅಲ್ಲೇ ಇದೆ. ಬೇಕಾದ್ರೆ ಮಾಡ್ಕೋ ಹೋಗು" ಎಂದರು. ಅಳುತ್ತಲೇ ಎರಡು ಲಟ್ಟಿಸಿ ಬೇಯಿಸಿ ಕಾವಲಿಯ ಅಂಚಿಗಿಟ್ಟೆ. ಎರಡೂ ಸೊಟ್ಟಂಬಟ್ಟ. ಆಮೇಲೆ ಅವರ ಜೊತೆ ಮಾತೇ ಬಿಟ್ಟೆ.

ಇಪ್ಪತ್ಮೂರೂ ಜನ ಬಂದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಎಣಿಸಿದೆ. ಒಬ್ಬರಾದರೂ ತಪ್ಪಲಿ ದೇವರೇ ಎಂದು ಬೇಡಿಕೊಂಡೆ. ಅಂಥ ಪಾಪಿಷ್ಠೆ ನಾನು. ಅವರೆಲ್ಲ ಉಂಡರು, ಹಾಡಿದರು, ಬೆಲೆನಳನ್ನು ಅಳಿಸಿದರು. ನನ್ನ ಕಣ್ಣು ಕಿಟಕಿಯಲ್ಲೇ ಇತ್ತು. ಹೊರಗೆ ರಸ್ತೆಯೇ ಇರಲಿಲ್ಲ, ಬರೀ ಧೂಳು.

ಎರಡೂವರೆಗೆ ಬಾಗಿಲು ತೆರೆಯಿತು. ಎಫ್ರೆನ್! ಹುಬ್ಬಿನ ತುಂಬ ಧೂಳು.

"ರಸ್ತೆ ಕಾಣ್ಲಿಲ್ಲ ಮಾರಾಯ್ತಿ, ಎರಡು ಗಂಟೆ ನಿಂತಲ್ಲೇ ನಿಂತಿದ್ದೆ. ಹೊಟ್ಟೆ ಹಸಿದು ಸಾಯ್ತಿದೀನಿ. ಕೆಂಪು ಹಾಕು."

ಅವನ ಎದೆಗೆ ಗುದ್ದಿ ಗುದ್ದಿ ಅತ್ತೆ. ಒಳಗಿನ ಕಿಂಡಿಯಿಂದ ದೋನ್ಯಾ ಕೂಕಾ ಎರಡು ತಟ್ಟೆ ಚಾಚಿದರು. ಒಂದೊಂದರಲ್ಲೂ ಎರಡೆರಡು ದುಂಡನೆಯ ಬಿಸಿ ಟೋರ್ಟಿಯಾ. ಗಂಡನ ಪಕ್ಕ ಕೂತು ನಾನೂ ತಿಂದೆ. ಅಷ್ಟು ರುಚಿಯಾಗಿ ಜನ್ಮದಲ್ಲಿ ತಿಂದಿರಲಿಲ್ಲ.

ತಿಂದು ಒಳಗೆ ಓಡಿದೆ. ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಿಮ್ಮ ಕೈಗೂ ವಯಸ್ಸಾಯ್ತು ದೋನ್ಯಾ! ನೋಡಿ, ಬಂದ ನನ್ನ ಗಂಡ!"

"ಅವನ ಪಾಲು ಬೆಳಗ್ಗೆಯೇ ಮಾಡಿದ್ದೆನಲ್ಲೇ. ಹೋಗು, ಒಂದು ಲೋಟ ಕಾಫಿ ತಾ. ಸಕ್ಕರೆ ಬೇಡ, ಬೆಳಗ್ಗೆ ನೀನಾಡಿದ ಸಿಹಿ ಮಾತೇ ಸಾಕು."

ನಗುತ್ತಲೇ ಕಾಫಿ ಬಗ್ಗಿಸಿದೆ. ಕಾವಲಿಯ ಅಂಚಿನಲ್ಲಿ ನನ್ನ ಸೊಟ್ಟ ಟೋರ್ಟಿಯಾಗಳೆರಡೂ ಇಟ್ಟಲ್ಲೇ ಇದ್ದವು. ಉಂಡೆಯ ತಟ್ಟೆ ಖಾಲಿಯಾಗಿತ್ತು. ಇಪ್ಪತ್ಮೂರು ಜನ. ಎಫ್ರೆನ್. ನಾನು. ಕಾಫಿ ಲೋಟ ತುಂಬಿ ಚೆಲ್ಲಿ ಕೈ ಸುಟ್ಟಿತು. ಸಾಯುವವರ ಲೆಕ್ಕದಲ್ಲಿ ಉಂಡೆ ಕಟ್ಟಿದವರನ್ನೂ ಸೇರಿಸಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ತಿರುಗಿದೆ. ದೋನ್ಯಾ ಕೂಕಾರ ತಲೆ ಹಿಂಬಾಗಿಲ ಚೌಕಟ್ಟಿಗೆ ಒರಗಿತ್ತು. ಕೈ ತೊಳೆದು ಮಡಿಲಲ್ಲಿಟ್ಟುಕೊಂಡಿದ್ದರು, ಉಗುರಿನಲ್ಲೂ ಹಿಟ್ಟಿರಲಿಲ್ಲ. ಗಾಳಿಗೆ ಓಲೆ ಮಾತ್ರ ಅಲ್ಲಾಡುತ್ತಿತ್ತು. "ದೋನ್ಯಾ, ನಿಮಗೂ ಮಾಡಿದೀನಿ, ಎದ್ದು ತಿನ್ನಿ" ಎಂದು ಆ ಸೊಟ್ಟ ಟೋರ್ಟಿಯಾಗಳನ್ನು ಅವರ ಕೈಗೆ ತುರುಕಿದೆ. ಎಫ್ರೆನ್ ಬಂದು ನನ್ನನ್ನು ಎಳೆದುಕೊಂಡು ಹೋಗಬೇಕಾಯಿತು.

ಈಗ ಉಂಡೆ ಕಟ್ಟುವವಳು ನಾನು. ನನ್ನ ಕೈಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಎಂಟು ಮಿಕ್ಕರೆ ಇನ್ನೊಂದು ದಿನ ಇಪ್ಪತ್ತು. ದಂಡ ಮಾಡ್ತೀಯ ಎಂದು ಎಲ್ಲರೂ ಬೈಯುತ್ತಾರೆ. ಬೈಯಲಿ. ಮೂರು ಗಂಟೆಗೆ ಬಟ್ಟೆ ಸರಿಸಿ, ಮಿಕ್ಕದ್ದನ್ನು ಕಣ್ಣಾರೆ ನೋಡಿದ ಮೇಲೇ ನಾನು ಮನೆಗೆ ಹೋಗುವುದು.