ನೆಟ್ಟಗೆ ಹೋಗದ ಬಸ್ಸು

ಶಾಸಕನಾದ ಮೇಲೆ ನಮ್ಮ ಮನೆಯ ಮುಂಬಾಗಿಲು ಬೆಳಿಗ್ಗೆ ಮುಚ್ಚಿರುವುದನ್ನು ನಾನು ನೋಡಿಲ್ಲ. ಹಲ್ಲುಜ್ಜಿ ಬರುವಷ್ಟರಲ್ಲಿ ಜಗಲಿ ತುಂಬಿರುತ್ತದೆ. ಒಬ್ಬರ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿದೆ, ಕರೆಂಟಿಲ್ಲ. ಒಬ್ಬರ ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿಲ್ಲ. ಇನ್ನೊಬ್ಬರ ತಂದೆಯ ತಿಥಿ, ಬರಲೇಬೇಕು. ಬಂದವರಿಗೆಲ್ಲ ಕಾಫಿ ಕೊಡುವುದು ನನ್ನ ಹೆಂಡತಿಯ ಕೆಲಸವಾಗಿತ್ತು. ಕಿಡ್ನಿ ಕೆಟ್ಟು, ತಾನು ಕುಡಿಯುವ ನೀರನ್ನು ಗುಟುಕು ಗುಟುಕಾಗಿ ಅಳೆದುಕೊಳ್ಳುವ ಸ್ಥಿತಿಗೆ ಬಂದ ಮೇಲೂ ಆಕೆ ಆ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಲಿಲ್ಲ.

ಆಕೆ ಹೋಗಿ ವರ್ಷ ತುಂಬುತ್ತಾ ಬಂತು. ನಾನು ಓದಿದ್ದು ಪಿಯುಸಿವರೆಗೆ. ಸದನದಲ್ಲಿಯೂ ಮಾತಾಡಿದ್ದು ಕಡಿಮೆ, ಬರೆದು ರೂಢಿಯಿಲ್ಲ. ಆಕೆ ನನ್ನನ್ನು ಕೇಳಿದ್ದು ಒಂದು ಬಸ್ಸನ್ನು. ಅದರ ವಿಷಯ ಯಾರ ಮುಂದೆ ಹೇಳಿಕೊಂಡರೂ, “ಬಸ್ಸು ಓಡ್ತಾ ಅದಲ್ಲ ಸಾ, ಇನ್ನೇನು?” ಅನ್ನುತ್ತಾರೆ. ಓಡುತ್ತಿದೆ, ನಿಜ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಆಕೆಗೆ ವಾರದಲ್ಲಿ ಮೂರು ದಿನ ಹಾಸನದಲ್ಲಿ ಡಯಾಲಿಸಿಸ್. ಬೆಳಗಿನ ಮೊದಲ ಪಾಳಿ, ಆರೂವರೆಗೆ ಹಾಸಿಗೆಯಲ್ಲಿರಬೇಕು. ನಮಗೆ ಕಾರಿತ್ತು. ಪಕ್ಕದ ಹಾಸಿಗೆಯ ಹೆಂಗಸು ನಮ್ಮ ಕ್ಷೇತ್ರದವಳೇ, ಕೊನೆಯ ಅಂಚಿನ ಒಂದು ಹಳ್ಳಿಯವಳು. ಗಂಡನಿಲ್ಲ, ಒಂದು ಹಸು, ಒಂದಿಷ್ಟು ರಾಗಿ ಹೊಲ. ಅವಳು ಹಾಲಿನ ವ್ಯಾನು ಹಿಡಿದು ಮುಖ್ಯರಸ್ತೆಗೆ ಬಂದು, ಅಲ್ಲಿ ಕೈ ತೋರಿಸಿ ನಿಲ್ಲಿಸಿದ ಯಾವುದೋ ಟೆಂಪೊದಲ್ಲಿ ಹಾಸನ ಸೇರುತ್ತಿದ್ದಳು. ಇದು ಗೊತ್ತಾದ ದಿನದಿಂದ ನನ್ನ ಹೆಂಡತಿ ಕಾರನ್ನು ಸುತ್ತುಬಳಸಿ ಆ ಹಳ್ಳಿಯ ಕೈಮರದ ಹತ್ತಿರ ನಿಲ್ಲಿಸಲು ಶುರುಮಾಡಿದಳು.

ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಇಬ್ಬರದೂ ತಿನ್ನಬಾರದ ಪದಾರ್ಥಗಳದೇ ಮಾತು.

“ಎಳನೀರ್ ಗಾಡಿ ಕಂಡ್ರೆ ಕಣ್ ಮುಚ್ಕೊಂಬುಡ್ತೀನಿ ಕಣವ್ವ,” ಅನ್ನುತ್ತಿದ್ದಳು ಅವಳು. “ಒಸಿ ಹೊತ್ತು ಕಳ್ದು ಕಣ್ ಬುಟ್ರೆ, ಇನ್ನೊಂದ್ ಗಾಡಿ ನಿಂತಿರ್ತದೆ.”

“ನಿಂಗೆ ಎಳನೀರು. ನಂಗೆ ಈ ಮನುಷ್ಯ ದಿನಾ ನನ್ ಮುಂದೇನೇ ಕೂತ್ಕೊಂಡು ಬಸ್ಸಾರು ಸುರ್ಕೊಂಡು ಮುದ್ದೆ ನುಂಗ್ತಾರೆ.”

“ಎಮ್ಮೆಲ್ಲೆ ಆದ್ರೂ ಗಂಡಸಲ್ವಾ ಅವ್ವಾ.”

ಇಬ್ಬರೂ ನಗುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ ಕೇಳಿಸದವನಂತೆ ಕೂತಿರುತ್ತಿದ್ದೆ.

ಒಂದು ಸಂಜೆ ಮನೆಯಲ್ಲಿ ಜನ ಕರಗಿದ ಮೇಲೆ ಹೆಂಡತಿ ಹೇಳಿದಳು: “ಇವ್ರೇ, ಆ ಊರಿಂದ ಬೆಳಿಗ್ಗೆಗೆ ಒಂದು ಬಸ್ ಹಾಕ್ಸಿ.”

“ಕಾರು ಹೋಗ್ತಿದೆಯಲ್ಲ.”

“ಕಾರು ನಾನಿರೋಗಂಟ. ಆಮೇಲೆ ಅವ್ಳು ಯಾರ್ ಮನೆ ಬಾಗ್ಲಲ್ಲಿ ನಿಲ್ಬೇಕು? ಬಸ್ಸಾದ್ರೆ ಯಾರ್ಗೂ ಕೈ ಮುಗೀಬೇಕಾಗಿಲ್ಲ.”

ಶಾಸಕನಿಗೆ ಒಂದು ಬಸ್ಸು ಹಾಕಿಸುವುದು ದೊಡ್ಡದಲ್ಲ ಎಂದು ಆಕೆಯೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಡಿಪೋದಲ್ಲಿ ವ್ಯವಸ್ಥಾಪಕರು ಬಹಳ ಮರ್ಯಾದೆಯಿಂದ ಕೂರಿಸಿ, ಬಸ್ಸಿಲ್ಲ ಎಂದರು. ಬಸ್ಸಿದ್ದರೆ ಡ್ರೈವರಿಲ್ಲ. ಡ್ರೈವರಿದ್ದರೆ ಅಷ್ಟು ಬೆಳಿಗ್ಗೆ ಹೊರಡಬೇಕಾದರೆ ಬಸ್ಸು ರಾತ್ರಿ ಹಳ್ಳಿಯಲ್ಲೇ ನಿಲ್ಲಬೇಕು, ಡ್ರೈವರು ಕಂಡಕ್ಟರು ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ? ತಿಂಗಳುಗಟ್ಟಲೆ ಓಡಾಡಿದೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಸಾರಿಗೆ ಸಚಿವರು ಊಟಕ್ಕೆ ಕೂತಾಗ ಪಕ್ಕದ ಎಲೆಗೆ ನುಗ್ಗಿ ಕೂತು ಹೇಳಿದೆ. ಅರಕಲಗೂಡಿನ ಒಂದು ಸಭೆಯಲ್ಲಿ ಅವರು ಕಾರು ಹತ್ತುವಾಗ ಬಾಗಿಲು ಹಿಡಿದು ಮತ್ತೆ ಹೇಳಿದೆ. ಕಡೆಗೆ ಆಯಿತು. ಹಾಲಿನ ಡೈರಿಯ ಪಕ್ಕದ ಕೋಣೆಯನ್ನು ಊರವರು ಡ್ರೈವರ್ ಕಂಡಕ್ಟರಿಗೆ ಬಿಟ್ಟುಕೊಟ್ಟರು, ಊಟವನ್ನು ಮನೆಗೊಂದು ದಿನದಂತೆ ಹಂಚಿಕೊಂಡರು. ಬೆಳಿಗ್ಗೆ ಐದಕ್ಕೆ ಹೊರಟು ಮುಖ್ಯರಸ್ತೆಯಲ್ಲಿ ನೆಟ್ಟಗೆ ಹಾಸನ.

ಮೊದಲ ದಿನ ಬಸ್ಸಿಗೆ ಬಾಳೆಕಂದು ಕಟ್ಟಿದ್ದರು. ಹೆಂಡತಿಗೆ ನಿಲ್ಲಲು ಆಗುತ್ತಿರಲಿಲ್ಲ, ಕಾರಿನ ಗಾಜು ಇಳಿಸಿಕೊಂಡು ನೋಡುತ್ತಿದ್ದಳು. ಆ ಹೆಂಗಸು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅವ್ವಾ, ಇವತ್ತು ನಿಮ್ ಕಾರ್ಗಿಂತ ಮುಂಚೆ ನಾನ್ ಓಗಿರ್ತೀನಿ ನೋಡಿ,” ಅಂದಳು. ಹಾಗೇ ಆಯಿತು. ನಾವು ಹೋಗುವಷ್ಟರಲ್ಲಿ ಅವಳ ಕೈಗೆ ಸೂಜಿ ಚುಚ್ಚಿ ಆಗಿತ್ತು. ನನ್ನ ಹೆಂಡತಿ ಆ ದಿನದಷ್ಟು ಸಂತೋಷಪಟ್ಟಿದ್ದನ್ನು ನಾನು ಗೆದ್ದ ದಿನವೂ ನೋಡಿರಲಿಲ್ಲ.

ನಮ್ಮ ಕಡೆ ಬಸ್ಸು ಎಂದರೆ ಅದು ಊರೊಳಗೆ ಬಂದು ಅರಳಿಕಟ್ಟೆ ಸುತ್ತಿ ತಿರುಗಬೇಕು. ಆಗ ಮಾತ್ರ ಊರಿಗೆ ಬಸ್ಸಿದೆ ಎಂದು ಲೆಕ್ಕ. ದಾರಿ ಸೀಳುವ ಕಡೆ ಊರಿನ ಹೆಸರು ಹೊತ್ತ ಕೈಮರವಿರುತ್ತದೆ, ನಡೆದರೆ ಸ್ವಲ್ಪವೇ ದೂರ. ಆದರೆ ಅಲ್ಲಿ ನಿಂತು ಹತ್ತುವುದು ಊರಿಗೇ ಅವಮಾನ. ಕೆಲವು ವಾರ ಕಳೆಯುತ್ತಲೇ ಒಂದು ಊರಿನವರು ಜಗಲಿಗೆ ಬಂದರು.

“ಕೈಮರದಲ್ಲಿ ನಿಂತ್ಕೊಂಡು ಬಸ್ ಹತ್ತಕ್ಕೆ ನಾವೇನ್ ದಾರಿಹೋಕ್ರಾ ಸಾ?”

“ಆಸ್ಪತ್ರೆಗೆ ಹೋಗೋರಿಗೆ ಹಾಕಿರೋ ಬಸ್ಸಪ್ಪ. ತಡ ಆಗುತ್ತೆ.”

“ಆಸ್ಪತ್ರೆಗೆ ನಮ್ಮೂರೋರೂ ಓಯ್ತಾರೆ. ನಮ್ಗೇನ್ ಕಾಯ್ಲೆ ಬರಕಿಲ್ವಾ? ಐದ್ ನಿಮ್ಸ ಅಷ್ಟೇಯ.”

ನಾನು ಆಗುವುದಿಲ್ಲ ಎಂದೆ. ಮರುದಿನ ಅವರು ಬಸ್ಸನ್ನು ಅಡ್ಡಗಟ್ಟಿದರು. ಡಿಪೋದಿಂದ ಫೋನು ಬಂತು: “ಸರ್, ದಿನಾ ಗಲಾಟೆ ಬೇಡ. ಒಳಗೆ ಹೋಗಿ ಬರ್ಲಿ ಬಿಡಿ.” ಬಸ್ಸು ಆ ಊರೊಳಗೆ ಹೋಯಿತು. ಹೋದ ಸುದ್ದಿ ತಿಳಿದು ಮುಂದಿನ ಊರು ಎದ್ದಿತು, “ನಮ್ಮೂರು ಮಾಡಿದ್ ಪಾಪ ಏನ್ ಸಾ? ಓಟ್ ಆಕ್ಲಿಲ್ವಾ?” ಆಮೇಲೆ ಅದರಾಚೆಯದು. ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಕೇಳಲಿಲ್ಲ, ಹಿಡಿಯುತ್ತಿದ್ದದ್ದು ಊರಿಗೆ ಕಾಲು ಗಂಟೆ. ಅಷ್ಟಾದರೆ ನಾಲ್ಕೂವರೆಗೇ ಹೊರಡಿಸಿ ಎಂದರೆ, ಡ್ರೈವರಿಗೆ ನಿದ್ದೆ ಸಾಲುವುದಿಲ್ಲ, ನಿಯಮದಲ್ಲಿ ಬರುವುದಿಲ್ಲ ಎಂದರು. ಅದೂ ಸರಿಯೇ.

ಬಸ್ಸು ಹಾಸನ ಮುಟ್ಟುವಾಗ ಏಳು ದಾಟುತ್ತಿತ್ತು. ಹಿಂದಿನ ಪಾಳಿ ತಡವಾದರೆ ಮುಂದಿನವರು ಕಾಯಬೇಕು, ಅವರೂ ರೋಗಿಗಳೇ. ಆದ್ದರಿಂದ ತಡವಾಗಿ ಬಂದವಳಿಗೆ ಉಳಿದಷ್ಟು ಹೊತ್ತು ಮಾತ್ರ ಯಂತ್ರ. ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡರೆ ವಾಪಸು ಆ ಹಳ್ಳಿಗೆ ಬಸ್ಸಿಲ್ಲ. ಅವಳ ಕಾಲು ಊದತೊಡಗಿತು. ಹೆಂಡತಿ ಮತ್ತೆ ಕಾರನ್ನು ಕೈಮರದಲ್ಲಿ ನಿಲ್ಲಿಸಲು ಶುರುಮಾಡಿದಳು. ಒಂದು ದಿನ ಮಾತ್ರ ಕೇಳಿದಳು: “ಒಂದು ಬಸ್ಸನ್ನ ನೆಟ್ಟಗೆ ಓಡ್ಸೋಕೆ ಆಗಲ್ವಾ ನಿಮ್ ಕೈಲಿ?”

ಆ ಮಾತಾಡಿ ಹೆಚ್ಚು ದಿನವಾಗುವ ಮೊದಲೇ ಆಕೆ ಹೋದಳು. ಹೃದಯ ತಡೆಯಲಿಲ್ಲ ಎಂದರು ಡಾಕ್ಟರು. ನಮ್ಮ ಅಂಗಳದಲ್ಲಿ ಆಕೆಯನ್ನು ಮಲಗಿಸಿದ್ದಾಗ ಒಬ್ಬರು ಹಾರ ಹಾಕಿ, ನನ್ನ ಕೈ ಹಿಡಿದು ಸಮಾಧಾನ ಹೇಳಿ, ಹಾಗೇ ಮಗನ ವರ್ಗಾವಣೆಯ ವಿಷಯ ನೆನಪಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಶಾಸಕ ಅಷ್ಟು ಹೊತ್ತು ಒಂದೇ ಕಡೆ ಕೂತಿರುವುದು ಅವರಿಗೆ ಬೇರೆ ಯಾವ ದಿನ ಸಿಕ್ಕೀತು?

ಎಷ್ಟೋ ಮನೆಗಳ ತಿಥಿಯಲ್ಲಿ ಕೂತು “ಧೈರ್ಯ ತಂದುಕೊಳ್ಳಿ” ಎಂದು ಹೇಳಿ ಬಂದವನು ನಾನು. ಹನ್ನೊಂದನೆಯ ದಿನ ಆ ಮಾತನ್ನು ಎಲ್ಲರೂ ನನಗೆ ಹೇಳಿದರು. ಸತ್ತವರಿಗೆ ಇಟ್ಟ ಎಡೆಯ ಮುಂದೆ ಕೇಳಿದ್ದನ್ನು ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಎಲೆ ಹಾಕುವ ಮುಂಚೆ ನಾನು ಎದ್ದು ನಿಂತು, ಆ ಮೂರೂ ಊರಿನ ಹಿರಿಯರನ್ನು ನೋಡಿ ಹೇಳಿದೆ. ಆ ಬಸ್ಸು ಇವಳು ಕೇಳಿದ್ದು. ನೆಟ್ಟಗೆ ಹೋಗಲು ಬಿಡಿ. ನನಗೆ ಬೇರೇನೂ ಬೇಡ.

ಬಸ್ಸನ್ನು ಮೊದಲು ಅಡ್ಡಗಟ್ಟಿದ ಊರಿನ ಹಿರಿಯರೇ ಹೇಳಿದರು: “ಆಗ್ಲಿ ಬುಡಿ ಸಾ. ಅವ್ವಾರ ಮಾತು. ನಾವು ಕೈಮರಕ್ಕೇ ಬತ್ತೀವಿ.” ಉಳಿದವರೂ ಹೂಂ ಅಂದರು. ಆ ದಿನ ನನಗೆ ಊಟ ಸೇರಿತು.

ಮಾತಿಗೆ ಅವರು ತಪ್ಪಲಿಲ್ಲ. ಇಡೀ ಊರು ಬೆಳಗಿನ ಚಳಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೈಮರಕ್ಕೆ ನಡೆದು ಬರುತ್ತಿತ್ತು. ಬಸ್ಸು ಆರೂಕಾಲಿಗೆ ಹಾಸನ ಮುಟ್ಟಿತು. ಆ ಹೆಂಗಸಿನ ಕಾಲಿನ ಊತ ಇಳಿಯಿತು. ನಾನು ಕಾರು ಕಳಿಸುವುದನ್ನು ನಿಲ್ಲಿಸಿದೆ.

ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಕಂಡಕ್ಟರಿನ ಫೋನು ಬಂತು. ಬಸ್ಸಿಗೆ ಟ್ರಾಕ್ಟರು ಅಡ್ಡ ನಿಲ್ಲಿಸಿದ್ದಾರೆ. ಯಾವ ಊರು ಎಂದೆ. ಅವನು ಹೇಳಲು ಹಿಂದೆಮುಂದೆ ನೋಡಿದ. ಅದು ನನ್ನ ಹೆಂಡತಿಯ ತವರೂರು. ಅದುವರೆಗೆ ಬಸ್ಸಿನ ಬಗ್ಗೆ ಒಂದು ಮಾತೂ ಆಡದಿದ್ದ ಊರು.

ನಾನು ಹೋದಾಗ ಟ್ರಾಕ್ಟರಿನ ಮೇಲೆ ಕೂತಿದ್ದವನು ಆಕೆಯ ತಮ್ಮ. ನನ್ನನ್ನು ನೋಡಿ ಇಳಿದ.

“ಭಾವ, ನಮ್ಮೂರ ಕಟ್ಟೆ ತಾವ ಅಕ್ಕನ ಹೆಸ್ರಲ್ಲಿ ಬಸ್‌ಸ್ಟ್ಯಾಂಡ್ ಕಟ್ಸಿದೀವಿ. ಫೋಟೋ ಆಕ್ಸಿದೀವಿ. ಅಕ್ಕ ತರ್ಸಿದ್ ಬಸ್ಸು ಅಕ್ಕನ್ ಫೋಟೋ ಮುಂದೆ ಬಂದ್ ನಿಲ್ಬ್ಯಾಡ್ವಾ?”

“ನಿಮ್ಮಕ್ಕ ಕೇಳಿದ್ದು ಅದಲ್ಲ ಕಣೋ. ನೆಟ್ಟಗೆ ಹೋಗ್ಬೇಕು ಅಂದಿದ್ಲು.”

“ತವರ್ಗೆ ಬರ್ಬ್ಯಾಡ ಅಂದಿದ್ಲಾ? ಹೇಳಿ, ಅಂದಿದ್ರೆ ಈಗ್ಲೇ ತೆಗೀತೀನಿ ಗಾಡಿಯ.”

ಅವನ ಕಣ್ಣು ಕೆಂಪಾಗಿತ್ತು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು ಆಕೆ. ಠಾಣೆಗೆ ಒಂದು ಫೋನು ಮಾಡಿದ್ದರೆ ಟ್ರಾಕ್ಟರು ಪಕ್ಕಕ್ಕೆ ಸರಿಯುತ್ತಿತ್ತು. ನನ್ನ ಕೈ ಜೇಬಿಗೆ ಹೋಗಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಆ ಹೆಂಗಸು ಕೂತಿದ್ದಳು. “ಬುಡಿ ಸಾ,” ಅಂದಳು. “ತವರು. ಅವ್ರ ಸಂಕ್ಟ ಅವ್ರ್ಗೆ.”

ಬಸ್ಸು ಒಳಗೆ ಹೋಯಿತು. ಹೊಸ ಬಣ್ಣದ ತಂಗುದಾಣದಲ್ಲಿ ಹಾರ ಹಾಕಿಸಿಕೊಂಡ ನನ್ನ ಹೆಂಡತಿಯ ಫೋಟೋ, ಅದರ ಕೆಳಗೆ ನನ್ನದು. ಬಸ್ಸಿನ ಟೈರಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ಡ್ರೈವರಿಗೆ ಶಾಲು ಹೊದಿಸಿದರು. ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಆ ವಾರ ಮುಗಿಯುವುದರೊಳಗೆ ಉಳಿದ ಮೂರು ಊರಿನವರೂ ಜಗಲಿಗೆ ಬಂದರು. “ನಿಮ್ ಬೀಗ್ರೂರ್ಗೆ ಓಗಬೋದು, ನಮ್ಮೂರ್ಗೆ ಓಗಬಾರ್ದಾ ಸಾ?” ಎಂದರು. ಎಡೆಯ ಮುಂದೆ ಕೊಟ್ಟ ಮಾತನ್ನು ಮುರಿದದ್ದು ಅವರಲ್ಲ, ನಮ್ಮ ಮನೆಯವರೇ. ಹೋಗಲಿ ಎಂದೆ.

ಮೊನ್ನೆ ಡಿಪೋಗೆ ಮತ್ತೆ ಹೋಗಿದ್ದೆ. ಇನ್ನೊಂದು ಬಸ್ಸು ಕೊಡಿ, ಬರೀ ಮುಖ್ಯರಸ್ತೆಯಲ್ಲಿ ಹೋಗುವಂಥದ್ದು ಎಂದೆ. ವ್ಯವಸ್ಥಾಪಕರು ಟೀ ತರಿಸಿದರು. “ಕೊಡಬಹುದು ಸರ್. ಅದು ಎಷ್ಟು ದಿನ ಮುಖ್ಯರಸ್ತೆಯಲ್ಲಿ ಹೋಗುತ್ತೆ, ನೀವೇ ಹೇಳಿ,” ಎಂದರು.

ಈಗ ವಾರದಲ್ಲಿ ಮೂರು ದಿನ ನಮ್ಮ ಕಾರು ಆ ಹಳ್ಳಿಗೆ ಹೋಗುತ್ತದೆ. ಶಾಸಕರದು ದೊಡ್ಡ ಮನಸ್ಸು, ಹೆಂಡತಿ ಹೋದ ಮೇಲೂ ಕಾರು ಕಳಿಸುತ್ತಾರೆ ಎಂದು ಜನ ಆಡಿಕೊಳ್ಳುತ್ತಾರಂತೆ. ಅದನ್ನು ಕೇಳಿದರೆ ನನಗೆ ಎದ್ದು ಹೋಗಬೇಕು ಅನ್ನಿಸುತ್ತದೆ. ಹಾಸನದಲ್ಲಿ ಕೆಲಸವಿದ್ದ ದಿನ ನಾನೂ ಕಾರಿನಲ್ಲಿರುತ್ತೇನೆ. ಕೈಮರದ ಹತ್ತಿರ ಆ ಹೆಂಗಸು ಚೀಲವನ್ನು ನೆಲಕ್ಕಿಟ್ಟು, ಕಾರು ನಿಲ್ಲುವ ಮೊದಲೇ ಎರಡೂ ಕೈ ಜೋಡಿಸಿ ನಿಂತಿರುತ್ತಾಳೆ. ನನ್ನ ಹೆಂಡತಿಯ ಮುಂದೆ ಅವಳು ಒಂದು ದಿನವೂ ಹಾಗೆ ನಿಂತವಳಲ್ಲ. ಕೈ ಇಳಿಸು ತಾಯಿ ಎಂದು ಎಷ್ಟು ಸಲ ಹೇಳಿದರೂ ಇಳಿಸುವುದಿಲ್ಲ.