ಮೆಕ್ಕೆಜೋಳ ಒಣಗಿಸುತ್ತಿದ್ದ ಹಾಲಮ್ಮ

ಹಾಲಮ್ಮನವರು ಹೆಜ್ಜೆ ಎತ್ತಿಡುತ್ತಿರಲಿಲ್ಲ, ಎಳೆದು ನಡೆಯುತ್ತಿದ್ದರು. ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಹರಡಿದ ಮೆಕ್ಕೆಜೋಳದ ಮೇಲೆ ಅವರು ಬರಿಗಾಲು ಎಳೆಯುತ್ತ ಸಾಗಿದರೆ ಹಿಂದೆ ಎರಡು ಸಾಲು ಮೂಡುತ್ತಿದ್ದವು. ಅಡಿಯ ಹಸಿ ಕಾಳು ಮೇಲೆ ಬಂದು ಬಿಸಿಲು ಕಾಣುತ್ತಿತ್ತು. ಎಷ್ಟೋ ಸುಗ್ಗಿಗಳ ಕಾಲ ಇದನ್ನೇ ಮಾಡಿದ ಕಾಲುಗಳಿಗೆ ಬೇರೆ ನಡಿಗೆ ಮರೆತುಹೋಗಿತ್ತು. ಡಾಂಬರು ರಸ್ತೆಯಲ್ಲಿಯೂ ಕಚೇರಿಯ ನುಣುಪು ನೆಲದಲ್ಲಿಯೂ ಹಾಗೆಯೇ ನಡೆಯುವರು. ಕಾಲುನೋವೇ ಎಂದು ಯಾರಾದರೂ ಕೇಳಿದರೆ, "ನೋವಲ್ರೀ, ರೂಢಿ" ಎಂದು ನಗುವರು.

ನಾನು ಹರಿಹರದವಳು. ದೇಶದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಕೃಷಿಯನ್ನು ಸೇರಿಸಬಾರದೆಂಬ ಕರಪತ್ರ ಹಂಚಲು ಆ ಪ್ರಾಂಗಣಕ್ಕೆ ಮೊದಲ ಸಲ ಹೋದಾಗ, ಮಾತಿನ ಭರದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಜೋಳದ ಮೇಲೆ ಕಾಲಿಟ್ಟಿದ್ದೆ.

"ಏ ತಂಗೀ, ಚಪ್ಲಿ ಬಿಡ್ರಿ! ಕಾಳು ತುಳ್ಕಂತ ರೈತರ ಉದ್ಧಾರ ಮಾಡ್ತೀರೇನು?" ಎಂದು ಗದರಿದವರೇ ಹಾಲಮ್ಮ. ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಚಪ್ಪಲಿ ಬಿಟ್ಟು ಕ್ಷಮೆ ಕೇಳಿದ ಮೇಲೆ ಅವರೇ ಗೋಣಿಚೀಲ ಹಾಸಿ, "ಕೂಡ್ರಿ. ಅದೇನು ಬರ್ದೈತೆ ಓದ್ರಿ" ಎಂದರು.

ಓದಿದೆ. ಹೊರದೇಶದ ಸರ್ಕಾರಗಳು ತಮ್ಮ ರೈತರಿಗೆ ಅಪಾರ ನೆರವು ಕೊಟ್ಟು ಅಗ್ಗವಾಗಿಸಿದ ಕಾಳು ಸುಂಕವಿಲ್ಲದೆ ಇಲ್ಲಿಗೆ ಬರಬಹುದು. ಒಪ್ಪಂದದ ಕರಡನ್ನು ಸಹಿಯಾಗುವ ತನಕ ಜನರಿಗೆ ತೋರಿಸುವುದಿಲ್ಲ. ಕನ್ನಡದಲ್ಲಂತೂ ಒಂದು ಸಾಲೂ ಸಿಗುವುದಿಲ್ಲ. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: "ನಮ್ಮ ಕಡಿಂದ ಮಾತಾಡಾಕ ಹೋದೋರಿಗೆ ಹಸಿ ಕಾಳು ಯಾವ್ದು, ಒಣ ಕಾಳು ಯಾವ್ದು ಗೊತ್ತೈತೇನು?"

ಹಾಲಮ್ಮನಿಗಂತೂ ಗೊತ್ತಿತ್ತು. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಅಡಿಯ ಕಾಳೊಂದನ್ನು ತೆಗೆದು ದವಡೆಯಲ್ಲಿ ಕಡಿದು ಸದ್ದು ಕೇಳುವರು. ತೇವಾಂಶ ತೋರಿಸುವ ಯಂತ್ರ ಕೈಯಲ್ಲಿದ್ದ ವ್ಯಾಪಾರಿಯೂ ಚೀಲ ತುಂಬಿಸುವ ಮುನ್ನ ಅವರ ಮುಖ ನೋಡುತ್ತಿದ್ದ. ಅಷ್ಟು ಬಲ್ಲ ಕೆಲಸಗಾರ್ತಿಗೆ ಚೀಲ ಹೊರುವ ಗಂಡಸಿಗಿಂತ ಕಡಿಮೆ ಕೂಲಿ. ಬಿಸಿಲಿಗೆ ನೆರಳಿಲ್ಲ, ದೂಳಿಗೆ ಮುಖಗವಸಿಲ್ಲ. ಇದು ಅನ್ಯಾಯವೆಂದು ನಾನು ಹೇಳಿದರೆ, "ಅದನ್ನೂ ನಿಮ್ಮ ಚೀಟ್ಯಾಗ ಬರೀರಿ. ಬರೇ ಹೊರಗಿನೋರ್ನ ಬೈದ್ರೆ ಹೆಂಗೆ?" ಎಂದರು. ಮುಂದಿನ ಕರಪತ್ರದಲ್ಲಿ ಬರೆದೆ. ಒಬ್ಬ ವ್ಯಾಪಾರಿ ನನ್ನನ್ನು ಪ್ರಾಂಗಣದ ಗೇಟಿನಲ್ಲಿಯೇ ತಡೆದ.

ನನ್ನ ತಪ್ಪನ್ನೂ ಹೇಳಬೇಕು. ಕರಪತ್ರ ಹಂಚುತ್ತಿದ್ದ ನಾವು ಕೆಲವರು ಹರಿಹರದಲ್ಲೊಂದು ಬಹಿರಂಗ ಸಭೆ ಏರ್ಪಡಿಸಿದ್ದೆವು. ಬಂದರಿನಿಂದ ಕೋಳಿ ಆಹಾರದ ತಯಾರಕರೊಬ್ಬರಿಗೆ ಬಂದಿದ್ದ ಹೊರದೇಶದ ಜೋಳವನ್ನು ಒಂದು ಡಬ್ಬಿಯಲ್ಲಿ ತರಿಸಿಕೊಂಡು, ಅದು ಕಳಪೆಯೆಂದು ಹಾಲಮ್ಮನ ಬಾಯಿಂದ ಹೇಳಿಸುವ ಯೋಜನೆ ನನ್ನದು. ಕಳಪೆಯಲ್ಲದೆ ಇನ್ನೇನಿರಲು ಸಾಧ್ಯವೆಂದು ನಂಬಿದ್ದೆ. ಅವರನ್ನು ಮೊದಲೇ ಕೇಳಿರಲಿಲ್ಲ. ವೇದಿಕೆಯ ಮೇಲೆ ಅವರು ಕಾಳು ಕಡಿದರು. ಇನ್ನೊಂದು ಕಡಿದರು. "ಚಲೋ ಕಾಳು ಐತೆ" ಎಂದರು, ಮೈಕಿನಲ್ಲಿ.

ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಹಾಲಮ್ಮ ಕದಲಲಿಲ್ಲ. "ಚಲೋ ಐತೆ, ಮ್ಯಾಲೆ ಅಗ್ಗ ಐತೆ. ಅದಕ್ಕೇ ನಂಗೆ ಅಂಜಿಕೆ. ಇದು ಒಣಗಿ ಬರ್ತೈತೆ. ಕಾಲಾಡ್ಸಾಕೆ ನಮ್ಮನ್ನ ಯಾರು ಕರೀತಾರ?" ಎಂದು ಕೆಳಗಿಳಿದರು. ಬಸ್ ನಿಲ್ದಾಣದವರೆಗೆ ನಾನು ಮುಖ ಬಿಗಿದುಕೊಂಡೇ ನಡೆದೆ. "ಯಾಕ ತಂಗೀ, ಸಿಟ್ಟು ಬಂತೇನು? ಕೆಟ್ಟದ್ದು ಅಂದಿದ್ರೆ ನಾಳೆ ಆ ಕಾಳು ತರಿಸಿದೋರೇ ಎಲ್ಲಾರ ಮುಂದೆ ಒಂದು ಚೀಲ ತಂದು ಸುರೀತಿದ್ರು. ಆಗ ಎಲ್ಲಿ ಮಕ ಮುಚ್ಕಂತಿದ್ರಿ?" ಎಂದರು. ಅಂದಿನಿಂದ ನಾನು ಖಚಿತವಾಗಿ ತಿಳಿಯದ್ದನ್ನು ಕರಪತ್ರದಲ್ಲಿ ಹಾಕಿಲ್ಲ.

ಮರುವರ್ಷ ಒಪ್ಪಂದದ ಕುರಿತು ಅಭಿಪ್ರಾಯ ಕೇಳಲು ಅಧಿಕಾರಿಗಳು ದಾವಣಗೆರೆಗೆ ಬಂದರು. ಜೋಳ ಒಣಗಿಸುವ ಹೆಂಗಸರ ಕೆಲಸವೂ ಅವರ ವರದಿಯಲ್ಲಿ ದಾಖಲಾಗಬೇಕು. ದಾಖಲಾಗದ ಕೆಲಸ ನಾಳೆ ಹೋದರೆ ಹೋಯಿತೆಂದೂ ಯಾರೂ ಬರೆಯುವುದಿಲ್ಲ. ಹಾಲಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. ಬಾಗಿಲಲ್ಲಿದ್ದ ಗುಮಾಸ್ತರ ಹಾಳೆಯಲ್ಲಿ ಮೂರು ಕಾಲಂ ಇದ್ದವು: ರೈತರು, ವರ್ತಕರು, ಕೈಗಾರಿಕೆ.

"ರೈತರು ಅಂತ ಬರೆಸಿಬಿಡಿ ಹಾಲಕ್ಕ, ಒಳಗೆ ಹೋಗೋಣ" ಎಂದು ಪಿಸುಗುಟ್ಟಿದೆ.

"ನಂಗೆಲ್ಲೈತೆ ಹೊಲ? ಸುಳ್ಳು ಬರೆಸಬ್ಯಾಡ್ರಿ" ಎಂದವರು ಗುಮಾಸ್ತರತ್ತ ತಿರುಗಿ, "ಇನ್ನೊಂದು ಗೆರಿ ಎಳೀರಿ ಸಾಹೇಬ್ರ. ಸ್ಕೇಲ್ ಇಲ್ಲೇನು?" ಎಂದರು.

ಗೆರೆ ಎಳೆಯಲು ಗುಮಾಸ್ತರಿಗೆ ಅಧಿಕಾರವಿರಲಿಲ್ಲ, ಯಾವ ಕಾಲಂಗೂ ಸೇರದವರನ್ನು ಒಳಗೆ ಬಿಡಲೂ ಇಲ್ಲ. ಸಭೆ ಮುಗಿಯುವ ತನಕ ಹಾಲಮ್ಮ ಜಗಲಿಯಲ್ಲಿ ಕಾದರು. ಹೊರಬಂದ ಹಿರಿಯ ಅಧಿಕಾರಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ನನ್ನ ಹೆಸ್ರು ಬ್ಯಾಡ್ರಿ, ಕೆಲ್ಸದ ಹೆಸ್ರು ಬರ್ಕಳ್ರಿ" ಎಂದರು. ಅವರು ಸೌಜನ್ಯದಿಂದಲೇ ಪೆನ್ನು ತೆಗೆದು, ಸಂಘದ ಹೆಸರೇನೆಂದು ಕೇಳಿದರು. ಸಂಘವಿರಲಿಲ್ಲ. ಆದರೂ ಏನೋ ಗೀಚಿಕೊಂಡು ಕಾರು ಹತ್ತಿದರು.

ಆ ಗೀಚಿನ ಮೇಲೆ ಹಾಲಮ್ಮ ತಿಂಗಳುಗಟ್ಟಲೆ ಭರವಸೆಯಿಟ್ಟಿದ್ದರು. ಅಷ್ಟರಲ್ಲಿ ಕೆಮ್ಮು ಹೆಚ್ಚಿ, ಕೆಲಸ ಬಿಟ್ಟು, ಹರಿಹರದ ದಾರಿಯಲ್ಲಿರುವ ಬಾತಿ ಎಂಬ ಊರಿನ ತಮ್ಮ ಮನೆಯಲ್ಲಿ ಗೋಡೆಗೊರಗಿ ಕೂರುವಂತಾಯಿತು. ಜೀವಮಾನವೆಲ್ಲ ಕುಡಿದ ಜೋಳದ ದೂಳು ಎಂದು ವೈದ್ಯರು ಹೇಳಿದರು. ಅದಕ್ಕೂ ಯಾವ ಕಾಗದದಲ್ಲಿಯೂ ಕಾಲಂ ಇರಲಿಲ್ಲ.

ಕೊನೆಯ ಸಲ ಅವರನ್ನು ನೋಡಲು ಹೋದ ಮಧ್ಯಾಹ್ನ ಅಧಿಕಾರಿಗಳ ವರದಿ ನನ್ನ ಚೀಲದಲ್ಲಿತ್ತು. ಮೂರು ಸಲ ಓದಿದ್ದೆ. ಬರೆದುಕೊಂಡಿದ್ದಾರೆ ಎಂದೇ ಹೇಳಿಬಿಡೋಣವೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ.

"ಬರ್ಕಂಡ್ರಾ ತಂಗೀ?"

"ಇಲ್ಲ ಹಾಲಕ್ಕ."

ಬಹಳ ಹೊತ್ತು ಕೆಮ್ಮಿದರು. ನೀರು ಕುಡಿದು, "ಹಂಗಾರೆ ಮತ್ತೆ ಹೋಗ್ಬೇಕು. ಈ ಸಲ ನಾನೊಬ್ಬಾಕಿ ಬ್ಯಾಡ, ಎಲ್ಲಾರ್ನೂ ಕರ್ಕಂಡು ಹೋಗೋಣ. ಎಷ್ಟು ಮಂದೀನ ಜಗಲಿ ಮ್ಯಾಲೆ ಕುಂಡ್ರಿಸ್ತಾರ ನೋಡೇ ಬಿಡೋಣ" ಎಂದರು.

ಮುಂದಿನ ಸಭೆಗೆ ಕರೆ ಬರುವ ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಸಭೆಯ ದಿನ ಮುಂಜಾನೆ ಹರಿಹರದಿಂದ ನಾನು ಹತ್ತಿದ ಬಸ್ಸು ಬಾತಿಯಲ್ಲಿ ನಿಂತಾಗ, ಹಾಲಮ್ಮನ ಜೊತೆ ಕೆಲಸ ಮಾಡಿದ್ದ ಹೆಂಗಸರು ಒಬ್ಬರ ಹಿಂದೊಬ್ಬರು ಹತ್ತತೊಡಗಿದರು.

"ಯಾವೂರ ಮದುವೀಗೆ ಹೊಂಟೀರವ್ವಾ ಇಷ್ಟು ಮಂದಿ?" ಎಂದ ಕಂಡಕ್ಟರು.

"ಮದುವೀಗಲ್ಲಪ್ಪಾ, ನಮ್ಮ ಕೆಲ್ಸ ಬರೆಸಾಕ" ಎಂದಳು ಮುಂದಿದ್ದವಳು.

ಸೀಟುಗಳೆಲ್ಲ ತುಂಬಿ, ಕೆಲವರು ಕಂಬಿ ಹಿಡಿದು ನಿಂತರು. ಹಾಲಮ್ಮ ಕೂರಬೇಕಿದ್ದ ನನ್ನ ಪಕ್ಕದ ಜಾಗ ಮಾತ್ರ ದಾವಣಗೆರೆಯವರೆಗೂ ಖಾಲಿಯಿತ್ತು. ಅವರು ಯಾರೂ ಅದನ್ನು ಕೇಳಲಿಲ್ಲ, ನಾನೂ ಕೂಡ್ರಿ ಎನ್ನಲಿಲ್ಲ.