ಎಡಗಿವಿಯ ತುದಿ, ಬಲಗಿವಿಯ ಎರಡು ಸೀಳು

ಅರಮಿಂಟಾ ಗಿಲ್ಫಿಲನ್ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಬದುಕಿದ್ದವರ ಕಾಗದ ವಿಂಗಡಿಸಿದಳು, ಬಿಡುವಿದ್ದಾಗಲೆಲ್ಲ ಸತ್ತವರ ಕಾಗದ ಓದಿದಳು. ಮದುವೆಯಾಗಲಿಲ್ಲ. ವರ್ಜೀನಿಯಾದ ಆ ಕಣಿವೆಯಲ್ಲಿ ತಮ್ಮ ಮೂಲಪುರುಷ ಯಾವ ಹಡಗಿನಲ್ಲಿ ಬಂದ, ಯಾವ ತೊರೆಯ ಪಕ್ಕ ಮರ ಕಡಿದು ಮನೆ ಹಾಕಿದ ಎಂದು ತಿಳಿಯಬೇಕಾದವರು ಅವಳ ಬಾಗಿಲಿಗೇ ಬರಬೇಕಿತ್ತು. ಅವಳು ಕಾಫಿ ಕೊಡುತ್ತಿದ್ದಳು, ಜೊತೆಗೆ ಅವರು ತಂದ ವಂಶಾವಳಿಯಲ್ಲಿ ಹತ್ತು ತಪ್ಪನ್ನಾದರೂ ತೋರಿಸಿ ಕಳಿಸುತ್ತಿದ್ದಳು. ತಪ್ಪು ಹಿಡಿಯುವುದೆಂದರೆ ಅವಳಿಗೆ ಹಬ್ಬ.

ಈ ಕೆಲಸಕ್ಕೆ ಇಳಿದವರೆಲ್ಲ ಎಡವುವ ಕಲ್ಲೊಂದಿದೆ. 1752ಕ್ಕೆ ಮುಂಚೆ ಇಂಗ್ಲಿಷರ ವರ್ಷ ಜನವರಿಯಲ್ಲಿ ಹುಟ್ಟುತ್ತಿರಲಿಲ್ಲ. ನಮ್ಮ ಯುಗಾದಿಯ ಹಾಗೆ ಮಾರ್ಚಿ ಕೊನೆಗೆ ಹುಟ್ಟುತ್ತಿತ್ತು. ಅಂದರೆ ಒಂದೇ ವರ್ಷದ ನವೆಂಬರ್ ಮೊದಲು, ಜನವರಿ ಆಮೇಲೆ. ಪಕ್ಕದೂರಿನ ವಕೀಲನ ಮನೆತನದಲ್ಲಿ ಏಪ್ರಿಲಿನಲ್ಲಿ ಮದುವೆ, ಅದೇ ವರ್ಷದ ಫೆಬ್ರವರಿಯಲ್ಲಿ ಮಗು ಎಂದು ಸಿಕ್ಕಿ ಅವರು ಮುಖ ಮುಚ್ಚಿಕೊಂಡು ಓಡಾಡುತ್ತಿದ್ದಾಗ, ಈ ಲೆಕ್ಕ ತೋರಿಸಿ ಮಾನ ಉಳಿಸಿದವಳು ಅರಮಿಂಟಾ. ಆದರೆ ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ತನ್ನ ಮನೆತನದ ಕಾಗದಗಳನ್ನು ಅವಳು ಎಂದೂ ತಡಕಿರಲಿಲ್ಲ. ಆ ಚರಿತ್ರೆಯನ್ನು ಅಪ್ಪ ಬರೆದಿಟ್ಟಿದ್ದ, ಅಪ್ಪನ ಅಕ್ಷರವನ್ನು ಅನುಮಾನಿಸುವುದು ಹೇಗೆ?

ಅಪ್ಪ ಬರೆದ ಕಥೆ ಕಣಿವೆಗೆಲ್ಲ ಗೊತ್ತು. ಮೂಲಪುರುಷ ಗೇವಿನ್ ಗಿಲ್ಫಿಲನ್‌ನ ನೆರೆಯವನು ಜರ್ಮನಿಯಿಂದ ಬಂದ ಮಥಿಯಾಸ್ ಯೋಸ್ಟ್. 1742ರ ಜನವರಿಯ ಹಿಮದಲ್ಲಿ ಶಾನೀ ಬುಡಕಟ್ಟಿನವರು ಬಂದು ಯೋಸ್ಟನ ಮನೆ ಸುಟ್ಟರು. ಯೋಸ್ಟ್, ಹೆಂಡತಿ, ಇಬ್ಬರು ಗಂಡುಮಕ್ಕಳು ಸತ್ತರು. ಗೇವಿನ್ ಬೆಂಕಿಗೆ ನುಗ್ಗಿ ಆರು ವರ್ಷದ ಕತ್ರೀನಾಳನ್ನು ಎತ್ತಿ ತಂದ, ಸಾಕಿದ, ತನ್ನ ಮಗನಿಗೇ ಮದುವೆ ಮಾಡಿದ. ಯೋಸ್ಟನ ನಾನೂರು ಎಕರೆ ಅವಳ ಜೊತೆ ಬಂತು. ಈಗಿರುವ ಗಿಲ್ಫಿಲನ್‌ಗಳೆಲ್ಲ ಆ ಹುಡುಗಿಯ ಹೊಟ್ಟೆಯ ಸಂತಾನ. ಪ್ರತಿ ಆಗಸ್ಟಿನ ಮೊದಲ ಭಾನುವಾರ ಎಂಬತ್ತು ತೊಂಬತ್ತು ಜನ ಆ ನೆಲದಲ್ಲೇ ಸೇರಿ ಕರಿದ ಕೋಳಿ, ಪೀಚ್ ಹಣ್ಣಿನ ಪೈ ತಿಂದು ಗೇವಿನ್‌ನ ಹೆಸರು ಹೇಳುತ್ತಿದ್ದರು. ಒಂಟಿ ಹೆಂಗಸು ಅರಮಿಂಟಾಳಿಗೆ ಸಂಸಾರ ಅಂತ ಇದ್ದದ್ದು ಅದೊಂದೇ ಭಾನುವಾರ.

1974ರಲ್ಲಿ ಅಣ್ಣ ಹೋಬರ್ಟ್ ಗೇವಿನ್‌ನ ನೆನಪಿಗೆ ಅಲ್ಲೊಂದು ಕಲ್ಲು ನಿಲ್ಲಿಸಲು ಹೊರಟ. ಜುಲೈ ಕೊನೆಯ ವಾರ ಫೋನು ಮಾಡಿದ.

"ಮಿಂಟಿ, ಯೋಸ್ಟನ ಮನೆ ಸುಟ್ಟ ತಾರೀಖು ಸರಿಯಾಗಿ ಹೇಳೇ. ಕೆತ್ತೋನು ಕಾಯ್ತಾ ಕೂತಿದಾನೆ. ಕೆಳಗೆ ‘ದಾಖಲೆ ಪರಿಶೀಲಿಸಿದವರು’ ಅಂತ ನಿನ್ನ ಹೆಸರು ಹಾಕಿಸ್ತೀನಿ."

"ಕಲ್ಲಿನ ಮೇಲೆ ನನ್ನ ಹೆಸರು ನಾನು ಸತ್ತಮೇಲೆ ಬರ್ಲಿ ಮಾರಾಯ," ಎಂದು ನಕ್ಕಳು. ಆದರೂ ಹಿಗ್ಗಿದಳು. ಹೆಸರು ಹಾಕಿಸಿಕೊಂಡ ಮೇಲೆ ಮೂಲ ನೋಡದೆ ಇರುವುದು ಅವಳ ಜಾಯಮಾನವಲ್ಲ. ಬೆಟ್ಟ ದಾಟಿ ಹಳೆಯ ನ್ಯಾಯಾಲಯಕ್ಕೆ ಹೋದಳು.

ಆ ಕಾಲದಲ್ಲಿ ದನ ಹಂದಿಗಳಿಗೆ ಬೇಲಿ ಇರಲಿಲ್ಲ, ಕಾಡೇ ಗೋಮಾಳ. ಯಾರದ್ದು ಯಾವುದು ಎಂದು ತಿಳಿಯಲು ಪ್ರತಿ ಮನೆಯವರೂ ದನದ ಕಿವಿಯನ್ನು ತಮ್ಮದೇ ರೀತಿಯಲ್ಲಿ ಕತ್ತರಿಸಿ, ಆ ಗುರುತನ್ನು ನ್ಯಾಯಾಲಯದ ಪುಸ್ತಕದಲ್ಲಿ ಬರೆಸುತ್ತಿದ್ದರು. ಒಬ್ಬನ ಗುರುತು ಅವನು ಬದುಕಿರುವ ತನಕ ಇನ್ನೊಬ್ಬನಿಗೆ ಸಿಗುತ್ತಿರಲಿಲ್ಲ. ಯೋಸ್ಟನದು ಎಡಗಿವಿಯ ತುದಿ ಕತ್ತರಿಸಿ ಬಲಗಿವಿಗೆ ಎರಡು ಸೀಳು. ಅದು ಗೇವಿನ್‌ಗೆ ಬಂದದ್ದೂ ಅಪ್ಪನ ಬರಹದಲ್ಲಿತ್ತು: ಜನವರಿಯಲ್ಲಿ ಯೋಸ್ಟ್ ಸತ್ತ, ನವೆಂಬರಿನಲ್ಲಿ ಗೇವಿನ್ ಅನಾಥ ಹುಡುಗಿಯ ದನಗಳ ಹೊಣೆ ಹೊತ್ತ. ಎಷ್ಟು ಚೆಂದ!

ನೂರಾ ಹನ್ನೆರಡನೆಯ ಪುಟದಲ್ಲಿ ಆ ಸಾಲು ಸಿಕ್ಕಿತು. "ನವೆಂಬರ್ 25, 1742. ತೀರಿಹೋದ ಮಥಿಯಾಸ್ ಯೋಸ್ಟನ ಕಿವಿಗುರುತು ಗೇವಿನ್ ಗಿಲ್ಫಿಲನ್‌ನ ಕೋರಿಕೆಯಂತೆ ಅವನ ಹೆಸರಿಗೆ." ಮನೆ ಸುಟ್ಟ ಸುದ್ದಿಯನ್ನು ನ್ಯಾಯಾಲಯಕ್ಕೆ ತಿಳಿಸಿದ, ಕಣಿವೆಯ ಕಾವಲುದಳದ ದಳಪತಿಯ ಪತ್ರದ ನಕಲು ಇದೇ ಪುಸ್ತಕದಲ್ಲಿ ಅದಕ್ಕಿಂತ ಹಿಂದೆ ಇರಬೇಕಲ್ಲ ಎಂದು ಹಿಂದಕ್ಕೆ ತಿರುವಿದಳು. ಇಲ್ಲ. ಮುಂದಕ್ಕೆ ತಿರುವಿದಳು. ನೂರಾ ಮೂವತ್ತೊಂದನೆಯ ಪುಟದಲ್ಲಿತ್ತು: "ಜನವರಿ 19, 1742. ಮೊನ್ನೆ ರಾತ್ರಿ ಯೋಸ್ಟನ ಮನೆ ಸುಡಲಾಗಿದೆ. ಶಾನೀ ಜನರ ಕೃತ್ಯವೆಂದು ನೆರೆಯವನಾದ ಗಿಲ್ಫಿಲನ್ ತಿಳಿಸಿದ್ದಾನೆ."

ಊರಿನವರಿಗೆಲ್ಲ ಹೇಳಿಕೊಟ್ಟ ಲೆಕ್ಕ ಈಗ ಅವಳ ಎದೆಗೇ ಬಂದು ಕೂತಿತು. ಆ ಜನವರಿ ನವೆಂಬರಿನ ನಂತರದ್ದು. ಮಥಿಯಾಸ್ ಯೋಸ್ಟನ ಮನೆ ಸುಟ್ಟುಹೋಗುವುದಕ್ಕೆ ಎಂಟು ವಾರ ಮುಂಚೆಯೇ ಗೇವಿನ್ ಎರಡು ದಿನದ ದಾರಿ ಸವೆಸಿ, ನ್ಯಾಯಾಧೀಶರ ಮುಂದೆ ನಿಂತು, ಅವನು ಸತ್ತನೆಂದು ಬರೆಸಿದ್ದ. ಹಾಗಾದರೆ ಆ ಎಂಟು ವಾರ ಯೋಸ್ಟ್ ಯಾವ ನೆಲದಡಿ ಇದ್ದ? ಗಂಡ ಬರುತ್ತಾನೆಂದು ಹೆಂಡತಿ ಎಷ್ಟು ರಾತ್ರಿ ದೀಪ ಹಚ್ಚಿಟ್ಟಳು? ಗೇವಿನ್ ಆಗಾಗ ಬಂದು ಸೌದೆ ಒಡೆದುಕೊಟ್ಟು ಸಮಾಧಾನ ಹೇಳಿರಬೇಕು. ಕೊನೆಗೆ ತಾನೇ ಆ ಮನೆಗೆ ಬೆಂಕಿಯಿಟ್ಟು ಶಾನೀಗಳ ಹೆಸರು ಹೇಳಿದ. ಪತ್ರದಲ್ಲಿ ಇನ್ನೂ ಒಂದು ಸಾಲಿತ್ತು. ಸೇಡಿಗೆ ಹೋದ ದಳದವರು ತೊರೆಯ ಮೇಲ್ಗಡೆ ಬೇಟೆಗೆ ಬೀಡು ಬಿಟ್ಟಿದ್ದ ಒಂಬತ್ತು ಜನ ಶಾನೀಗಳನ್ನು ಮಲಗಿದ್ದಲ್ಲೇ ಕೊಂದರು, ಅದರಲ್ಲಿ ಮೂವರು ಹೆಂಗಸರು. ಅಪ್ಪ ಆ ಸಾಲನ್ನು ಬರೆದುಕೊಂಡಿರಲಿಲ್ಲ. ಅರಮಿಂಟಾ ಪುಸ್ತಕ ಮುಚ್ಚಿದಳು.

ಸಂಜೆ ಹೋಬರ್ಟನ ಅಡುಗೆಮನೆಯಲ್ಲಿ ಎರಡು ತಾರೀಖನ್ನೂ ಬರೆದು ಅವನ ಮುಂದಿಟ್ಟಳು. ಅವನು ಎರಡು ಸಲ ಓದಿದ.

"ಗುಮಾಸ್ತ ಕುಡಿದು ಬರೆದಿರ್ತಾನೆ."

"ತಾರೀಖು ತಪ್ಪು ಬರೀಬಹುದು ಹೋಬರ್ಟ್. ಪುಟದ ಸಂಖ್ಯೆ ಹಿಂದೆ ಮುಂದೆ ಆಗಲ್ಲ."

"ಇನ್ನೂರ ಮೂವತ್ತು ವರ್ಷ ಆಯ್ತು ಕಣೇ. ಯಾರಿಗೆ ಬೇಕು?"

"ಯಾರಿಗೂ ಬೇಡ ಅಂದ್ರೆ ಕಲ್ಲು ಯಾಕೆ?"

ಅವನು ಎದ್ದು ನಿಂತ. ದನಿ ಏರಿಸಲಿಲ್ಲ, ಏರಿಸಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಭಾನುವಾರ ನಾನು ಕೊಟ್ಟಿದ್ದನ್ನ ಓದಿ ಕೂತ್ಕೋ. ಇಲ್ಲ ಅಂದ್ರೆ ಮುಂದಿನ ವರ್ಷದಿಂದ ನಿನಗೆ ಅಲ್ಲಿ ಕುರ್ಚಿ ಇರಲ್ಲ. ಅಪ್ಪನ ಕಾಗದದ ಪೆಟ್ಟಿಗೆನೂ ವಾಪಸ್ ತಂದುಕೊಡು. ಅದು ಗಂಡುಮಕ್ಕಳದ್ದು."

ಮೂರು ದಿನ ಅವಳು ಎರಡು ದಾರಿಯನ್ನೂ ತೂಗಿ ನೋಡಿದಳು. ಬಾಯಿ ಬಿಟ್ಟರೆ ಅವಳಿಗಿದ್ದ ಏಕೈಕ ಬಳಗ ಹೋಗುತ್ತದೆ. ಮುಚ್ಚಿಕೊಂಡರೆ ಕೊಲೆಗಾರನ ಹೊಗಳಿಕೆಯ ಕೆಳಗೆ ಅವಳ ಹೆಸರು ಕಲ್ಲಾಗಿ ಕೂರುತ್ತದೆ, ಒಂಬತ್ತು ಜನರ ಮೇಲಿನ ಅಪವಾದಕ್ಕೆ ಅವಳ ರುಜು.

ಭಾನುವಾರ ಮೋಡ ಕವಿದಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಕಲ್ಲಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಓಕ್ ಮರದ ಕೆಳಗೆ ಉದ್ದದ ಮೇಜು, ಮುಂದಿನ ಸಾಲಿನಲ್ಲಿ ತೊಂಬತ್ತರ ಡೊರ್ಕಸ್ ಅತ್ತೆ, ಅಪ್ಪನ ತಂಗಿ, ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಾಯಿ ಹೋದ ಮೇಲೆ ಅರಮಿಂಟಾಳನ್ನು ಬೆಳೆಸಿದವಳು ಆಕೆ. ಹೋಬರ್ಟ್ ಕಾಗದ ಕೊಟ್ಟ. ಅರಮಿಂಟಾ ಅದನ್ನು ಬಿಚ್ಚಲಿಲ್ಲ. ಪುಟ ನೂರಾ ಹನ್ನೆರಡು, ಪುಟ ನೂರಾ ಮೂವತ್ತೊಂದು, ಎರಡು ತಾರೀಖು, ಯಾವುದು ಮೊದಲು ಯಾವುದು ಆಮೇಲೆ. ಸತ್ತ ಒಂಬತ್ತು ಜನ. ಇಷ್ಟನ್ನು ಹೇಳಿ ನಿಲ್ಲಿಸಿದಳು.

ಗಂಡಸರು ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನು ಹೇಳ್ತಿದಾಳೆ ಇವಳು? ಯಾರು ಯಾರನ್ನ ಕೊಂದಿದ್ದು?" ಎಂದು ಹಿಂದಿನಿಂದ ಯಾರೋ ಕೂಗಿದರು. ಹೋಬರ್ಟನ ಮುಖ ಕೆಂಪಾಗಿತ್ತು. ಅರಮಿಂಟಾಳ ಕಣ್ಣು ಹೆಂಗಸರ ಕಡೆ ಹೋಯಿತು, ಹೋಗಿ ಅಲ್ಲೇ ನಿಂತಿತು. ವಯಸ್ಸಾದ ಹೆಂಗಸರಲ್ಲಿ ಒಬ್ಬರೂ ಬೆಚ್ಚಿರಲಿಲ್ಲ. ಎಲ್ಲರೂ ತಟ್ಟೆ ನೋಡುತ್ತಿದ್ದರು. ಹೋಬರ್ಟನ ಹೆಂಡತಿಯೂ ಸಹ.

"ಅತ್ತೆ?" ಎಂದಳು.

"ಕೂತ್ಕೊಳೇ ಮಗಳೇ," ಎಂದಳು ಡೊರ್ಕಸ್ ಅತ್ತೆ. "ಆ ಮಗು ಕತ್ರೀನಾ ಎಲ್ಲ ನೋಡಿತ್ತು. ಸಾಯೋವರೆಗೂ ಕೊಂದವನಿಗೇ ಮಾವ ಅಂತ ಬಡಿಸ್ತು. ಮಗಳಿಗೆ ಹೇಳ್ತು, ಸೊಸೆಗೆ ಹೇಳ್ತು. ಅವರು ಅವರವರ ಸೊಸೆಯರಿಗೆ. ನಿಮ್ಮಮ್ಮ ಮದುವೆಯಾಗಿ ಬಂದ ವಾರ ನಾನೇ ಹೇಳಿದ್ದು."

ಅರಮಿಂಟಾ ಮೂವತ್ತು ವರ್ಷ ಬೆಟ್ಟ ಹತ್ತಿ ಇಳಿದಿದ್ದಳು, ಕಣ್ಣು ಕೆಡಿಸಿಕೊಂಡಿದ್ದಳು. ಈ ಮಾತು ಅವಳು ಉಣ್ಣುತ್ತಿದ್ದ ಮೇಜಿನ ಸುತ್ತಲೇ ಇತ್ತು.

"ನನಗೆ ಮಾತ್ರ ಯಾಕೆ ಹೇಳಲಿಲ್ಲ?"

"ನೀನು ಬರೆದಿಡೋಳು ಕಣೇ," ಎಂದಳು ಅತ್ತೆ. "ಬರೆದಿಟ್ರೆ ಗಂಡಸರು ಓದ್ತಾರೆ. ಓದಿದ ಮೇಲೂ ನಾವು ಅವರ ಮನೆಗಳಲ್ಲೇ ಮಲಗಬೇಕಿತ್ತಲ್ಲ."